ಅಡಿಕೆ ಸುಲಿಯುತ್ತಲೇ ಎಫ್‌ಎಂಜಿಇ ಪಾಸಾದೆ

ಎಫ್‌ಎಂಜಿಇ ಅಂದರೆ ವಿದೇಶದಲ್ಲಿ ವೈದ್ಯಕೀಯ ಓದಿದವರು ಇಲ್ಲಿ ಡಾಕ್ಟರಾಗಲು ಪಾಸಾಗಬೇಕಾದ ಪರೀಕ್ಷೆ. ನಾಲ್ಕನೇ ಸಲಕ್ಕೆ ನನಗೆ 300ಕ್ಕೆ 186 ಬಂತು. ಬೇಕಿದ್ದದ್ದು 150. 'ಸುಗ್ಗಿ ಕಾಲದಲ್ಲಿ ಮನೇಲಿ ಕೂತು ಓದ್ತೀಯಾ? ಮುಗೀತು ನಿನ್ ಕತೆ' ಎಂದು ನಕ್ಕಿದ್ದವರಲ್ಲಿ ಇಬ್ಬರು ಈಗ ಫೋನ್ ಮಾಡಿ ಹೇಗೆ ಓದಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಗಂಟೆಗಟ್ಟಲೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಸೋತ ಕತೆ. 2022ರಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಿಂದ ಡಾಕ್ಟರ್ ಡಿಗ್ರಿ ಹಿಡಿದು ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಬಂದೆ. ಹಾಸ್ಟೆಲ್, ವಿಮಾನ ಎಲ್ಲ ಸೇರಿ ಅಷ್ಟೊತ್ತಿಗೆ 24-25 ಲಕ್ಷ ಖರ್ಚಾಗಿತ್ತು, ಅರ್ಧಕ್ಕರ್ಧ ಸಾಲ. ಮೊದಲ ಸಲ ಯಾರ ಮಾತೂ ಕೇಳದೆ ಬರೆದೆ, 118. ಆಮೇಲೆ ಎಲ್ಲರಂತೆ ದೆಹಲಿಯ ಗೌತಮ್ ನಗರಕ್ಕೆ ಹೋದೆ. ಕಿಟಕಿಯಿಲ್ಲದ ರೂಮಿಗೆ 14 ಸಾವಿರ ಬಾಡಿಗೆ. ಕೋಚಿಂಗ್ ಫೀ, ಊಟ, ಕೂಲರ್ ಸೇರಿ ಐದು ತಿಂಗಳಲ್ಲಿ ಒಂದೂಮುಕ್ಕಾಲು ಲಕ್ಷ ಕರಗಿತು. ಕ್ಲಾಸಿನಲ್ಲಿ 200 ಜನ, ನನಗೆ ಸಿಕ್ಕಿದ್ದು ಕಂಬದ ಹಿಂದಿನ ಕುರ್ಚಿ. ಬಂದದ್ದು 131.

ಮುಂದಿನ ಸೆಷನ್‌ಗೆ ಅರ್ಜಿಯನ್ನೇ ಹಾಕಲಿಲ್ಲ. ಬೆಂಗಳೂರಿನ ಪಿಜಿಯೊಂದರಲ್ಲಿ ಕೂತು ಎಂಟು ತಿಂಗಳು ವಿಡಿಯೊ ನೋಡಿದೆ. ನೋಟ್ಸ್ ಮಾತ್ರ ಚೆನ್ನಾಗಿತ್ತು, ಐದು ಬಣ್ಣದ ಪೆನ್ನಿನಲ್ಲಿ ಬರೆದದ್ದು. 147 ಬಂತು. ಮೂರೇ ಮೂರು ಅಂಕ! ಅವತ್ತು ಅಮ್ಮ ಏನೂ ಕೇಳಲಿಲ್ಲ, ತಟ್ಟೆ ಇಟ್ಟು ಒಳಗೆ ಹೋದಳು. ಮರುದಿನ ಅವಳ ಬಳೆ ಮತ್ತೆ ಸೊಸೈಟಿಯಲ್ಲಿ ಅಡ ಇಟ್ಟದ್ದು ಗೊತ್ತಾಯಿತು.

ಆಮೇಲೆ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಮೂರು ಸಲವೂ ಅನಾಟಮಿಯಿಂದ ಶುರು ಮಾಡಿದ್ದೆ. ಅದಕ್ಕಿರೋದು 17 ಅಂಕ, ನಾನು ಕೊಟ್ಟದ್ದು ಒಂದೂವರೆ ತಿಂಗಳು. ಪಿಎಸ್‌ಎಂಗೆ, ಅಂದರೆ ರೋಗ ತಡೆ ಮತ್ತು ಸಮುದಾಯ ಆರೋಗ್ಯಕ್ಕೆ, 30 ಅಂಕ, ಕೊಟ್ಟದ್ದು ಕೊನೆಯ ನಾಲ್ಕು ದಿನ. ಅದನ್ನೇ ಅಲ್ವಾ ನಮಗೆ ಬಿಷ್ಕೆಕ್‌ನಲ್ಲಿ ಯಾರೂ ಕಲಿಸದೇ ಇದ್ದದ್ದು? ನಮ್ಮ ಲಸಿಕೆ ಪಟ್ಟಿ, ನಮ್ಮ ಟಿಬಿ ಕಾರ್ಯಕ್ರಮ ಅವರಿಗೆ ಯಾಕೆ ಬೇಕು? ಪಿಎಸ್‌ಎಂ 30, ಒಬಿಜಿ (ಹೆರಿಗೆ, ಸ್ತ್ರೀರೋಗ) 30, ಮಕ್ಕಳದ್ದು, ಕಣ್ಣು, ಇಎನ್‌ಟಿ ತಲಾ 15, ಫೊರೆನ್ಸಿಕ್ 10. ಒಟ್ಟು 115. ಇಲ್ಲಿ 90 ತಂದರೆ ಉಳಿದ 185ರಲ್ಲಿ 60 ಸಾಕು. ನೆಗೆಟಿವ್ ಮಾರ್ಕಿಂಗ್ ಇಲ್ಲ, ಕಣ್ಣು ಮುಚ್ಚಿ ಒತ್ತಿದರೂ ಅದರಲ್ಲಿ 45ರ ಹತ್ತಿರ ಬರುತ್ತೆ. ಹಾಗಾಗಿ ಬಾಲದಿಂದ ಹಿಡಿದೆ: ಪಿಎಸ್‌ಎಂ ಮೊದಲು, ಅನಾಟಮಿ ಕೊನೆಗೆ.

ನವೆಂಬರ್ ಬಂತು, ಸುಲಿಯುವ ಕೆಲಸ ಶುರುವಾಯಿತು. ಆಳು ಸಿಗುತ್ತಿಲ್ಲ, ಅಪ್ಪನಿಗೆ ಸೊಂಟ ನೋವು. ನಾನು ಮೆಟ್ಟುಗತ್ತಿ ಮೇಲೆ ಕೂರಲೇಬೇಕಾಯಿತು. ಕೈಗೆ ಕೆಲಸ, ಕಿವಿಗೆ ಇಲ್ಲ. ಅಲ್ಲಿ ಹೊಳೆಯಿತು. ಬೆಳಗ್ಗೆ ನಾಲ್ಕರಿಂದ ಎಂಟರವರೆಗೆ ಪ್ರಶ್ನೆ ಬಿಡಿಸುವುದು. ತಪ್ಪಾದದ್ದನ್ನು ಮಾತ್ರ ಕನ್ನಡದಲ್ಲಿ, ನನ್ನದೇ ದನಿಯಲ್ಲಿ ಫೋನಿಗೆ ಹೇಳುವುದು. ಮೊದಲು ಪ್ರಶ್ನೆ, ಏಳು ಸೆಕೆಂಡ್ ಸುಮ್ನಿರೋದು, ಆಮೇಲೆ ಉತ್ತರ. 'ಓಆರ್‌ಎಸ್ ಪೊಟ್ಟಣದಲ್ಲಿ ಏನೇನು?' ಮೌನ. 'ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ ಒಂದೂವರೆ, ಗ್ಲೂಕೋಸ್ ಹದಿಮೂರೂವರೆ ಗ್ರಾಂ. ಒಟ್ಟು ಇಪ್ಪತ್ತೂವರೆ, ಒಂದು ಲೀಟರ್ ನೀರಿಗೆ.' ಸಂಜೆ ಸುಲಿಯುತ್ತಾ ಅದನ್ನೇ ಕೇಳುವುದು.

ಇಯರ್‌ಫೋನ್ ಹಾಳಾದ ಮೇಲೆ ಸ್ಪೀಕರ್‌ನಲ್ಲೇ ಹಾಕುತ್ತಿದ್ದೆ. ಒಂದು ಸಂಜೆ 'ಎಂಆರ್ ಲಸಿಕೆ (ದಡಾರ, ರುಬೆಲ್ಲಾದ್ದು) ಮೊದಲ ಡೋಸ್ ಯಾವಾಗ?' ಎಂದು ಫೋನ್ ಕೇಳಿತು. ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿ ಸುಲಿಯುತ್ತಿದ್ದ ಹೆಂಗಸು 'ಒಂಬತ್ತು ತಿಂಗಳು ತುಂಬಿದ ಮೇಲೆ' ಎಂದಳು. ಮೊಮ್ಮಗುವನ್ನು ಅಂಗನವಾಡಿಗೆ ಎತ್ತಿಕೊಂಡು ಹೋದವಳು ಅವಳೇ. ಅವತ್ತಿನಿಂದ ಪೈಪೋಟಿ ಬಿತ್ತು. ಲಸಿಕೆ ಪಟ್ಟಿಯಲ್ಲಿ ಅವಳು ನನ್ನನ್ನು ನಾಲ್ಕೈದು ಸಲ ಸೋಲಿಸಿದಳು.

ಹಳ್ಳಿಯಲ್ಲಿ ಹುಟ್ಟಿದ್ದಕ್ಕೂ ಲಾಭ ಇದೆ. ದೆಹಲಿಯ ಗೆಳೆಯರು ಕೆಎಫ್‌ಡಿ ಹರಡೋದು ಉಣುಗಿನಿಂದಲೋ ಮೈಟ್‌ನಿಂದಲೋ ಅಂತ ಉರು ಹೊಡೆಯುತ್ತಿದ್ದರು. ನಮಗದು ಮಂಗನ ಕಾಯಿಲೆ. 1957ರಲ್ಲಿ ಅದು ಪತ್ತೆಯಾದದ್ದು ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ. ಉಣುಗು ಹತ್ತದಂತೆ ಡಿಎಂಪಿ ಎಣ್ಣೆ ಹಚ್ಚದೆ ಕಾಡಿಂದ ದರಕು (ಒಣ ಎಲೆ) ತರಲು ಅಜ್ಜ ಬಿಡುತ್ತಿರಲಿಲ್ಲ. ಅಂಥದ್ದನ್ನು ಬಾಯಿಪಾಠ ಮಾಡಬೇಕಾ? ಪರೀಕ್ಷೆಗೆ ಅದು ಬಂತಾ ಅಂತ ಕೇಳಬೇಡಿ. ಪ್ರಶ್ನೆ ಹೊರಗೆ ಹೇಳೋದಿಲ್ಲ ಅಂತ ಒಪ್ಪಿಯೇ ಕೂರುತ್ತೇವಲ್ಲ.

ಮಧ್ಯೆ ಕೆಲವು ಹುಚ್ಚು ಪ್ರಯೋಗ. ಭಾನುವಾರ ಪರೀಕ್ಷೆಯ ಹೊತ್ತಿಗೇ, ಅಂದರೆ ಬೆಳಗ್ಗೆ 9ಕ್ಕೆ ಒಂದು, ಮಧ್ಯಾಹ್ನ 2ಕ್ಕೆ ಇನ್ನೊಂದು ಮಾಕ್ ಟೆಸ್ಟ್ ಬರೆಯುತ್ತಿದ್ದೆ. ಮಧ್ಯಾಹ್ನದ್ದು ಯಾವಾಗಲೂ ಹತ್ತು ಹದಿನೈದು ಅಂಕ ಕಮ್ಮಿ. ಕಾರಣ ಅಮ್ಮನ ಹುಳಿ ಅನ್ನ! ಮೊಸರವಲಕ್ಕಿಗೆ ಇಳಿದ ಮೇಲೆ ಸರಿಯಾಯಿತು. ಇನ್ನೊಂದು, ನಾನು ಬದಲಿಸಿದ ಉತ್ತರಗಳನ್ನು ಎಣಿಸಿದೆ. ಸುಮಾರು 40ರಲ್ಲಿ 25 ಸರಿ ಇದ್ದದ್ದು ತಪ್ಪಾಗಿತ್ತು. ಆಮೇಲೆ ಒತ್ತಿದ ಉತ್ತರ ಬದಲಿಸಲು ಮೌಸ್ ಮುಟ್ಟಲಿಲ್ಲ. ಮಲಗಿದಾಗ ರೆಕಾರ್ಡಿಂಗ್ ಹಚ್ಚಿಟ್ಟೂ ನೋಡಿದೆ. ನಿದ್ದೆ ಕೆಟ್ಟಿತು ಅಷ್ಟೇ, ತಲೆಗೆ ಏನೂ ಹೋಗಲಿಲ್ಲ.

ಈ ಸಲದ ಖರ್ಚು: ಪರೀಕ್ಷೆ ಫೀ ಆರು ಸಾವಿರದ ಚಿಲ್ಲರೆ, ವಿಡಿಯೊ ಇಲ್ಲದ ಪ್ರಶ್ನೆ ಬ್ಯಾಂಕಿಗೆ ಎಂಟೊಂಬತ್ತು ಸಾವಿರ, ಹಳೇ ಪುಸ್ತಕಕ್ಕೆ ಎರಡು ಸಾವಿರ, ಬೆಂಗಳೂರಿಗೆ ಬಸ್ಸು. ಇಪ್ಪತ್ತು ಸಾವಿರ ದಾಟಿಲ್ಲ. 2025ರ ಜನವರಿಯಲ್ಲಿ ಪರೀಕ್ಷೆ ಹಾಲ್‌ಗೆ ಹೋದಾಗ ಬೆರಳೆಲ್ಲ ಅಡಿಕೆ ಕರೆ. ಬಯೋಮೆಟ್ರಿಕ್ ಯಂತ್ರ ಮೂರು ಸಲ ಬೆರಳು ಗುರುತಿಸಲಿಲ್ಲ, ಅಲ್ಲೇ ಒಂದು ಜನ್ಮ ಕಳೆದಂತಾಯಿತು. ನಾಲ್ಕನೇ ಸಲಕ್ಕೆ ಹಸಿರು ದೀಪ ಹತ್ತಿತು.

ರೆಕಾರ್ಡಿಂಗ್‌ಗಳು ಸುಮಾರು 180 ಇವೆ, ಕೇಳಿದವರಿಗೆ ಕಳಿಸಿದ್ದೇನೆ. ಹಿಂದೆ ಕೋಳಿ ಕೂಗುತ್ತೆ, ಅಮ್ಮ ಕಾಫಿಗೆ ಕರೆಯುತ್ತಾಳೆ, ಅಡ್ಜಸ್ಟ್ ಮಾಡ್ಕೊಳ್ಳಿ. ಚಿತ್ರದ ಪ್ರಶ್ನೆಗಳಿಗೆ ಅಂತ ಮಾಡಿಕೊಂಡ ಕೆಂಪು ಪುಸ್ತಕ ಮಾತ್ರ ಸದ್ಯಕ್ಕೆ ಕೊಡುವುದಿಲ್ಲ. ಚಿಕ್ಕಪ್ಪನ ಮಗಳು ಬಿಷ್ಕೆಕ್‌ನಲ್ಲಿ ನಾಲ್ಕನೇ ವರ್ಷದಲ್ಲಿದ್ದಾಳೆ, ಅದು ಅವಳಿಗೆ.