ನೀರೆರೆಯುವ ಅಜ್ಜಿಯನ್ನೂ ಕರೆದುಕೊಂಡು ಬನ್ನಿ

ಮಗುವಿನ ಕಣ್ಣಲ್ಲಿ ನೀರು ಸೋರುತ್ತದೆ, ಗೀಜು ಕಟ್ಟುತ್ತದೆ ಅಂತ ಯಾರೇ ಬರಲಿ, ‘ಮಗುವಿಗೆ ಎರೆಯುವವರು ಯಾರು? ಅವರನ್ನೂ ಕರೆದುಕೊಂಡು ಬನ್ನಿ’ ಅನ್ನುತ್ತೇನೆ. ಇಂಥ ಕೂಸುಗಳಲ್ಲಿ ಸಾಮಾನ್ಯವಾಗಿ ಕಣ್ಣೀರು ಮೂಗಿಗೆ ಇಳಿಯುವ ನಾಳ ಒಂದು ತೆಳುಪೊರೆಯಿಂದ ಕಟ್ಟಿರುತ್ತದೆ. ಅದನ್ನು ಬೆರಳಿನಲ್ಲಿ ಒತ್ತಿ ಬಿಡಿಸುವುದನ್ನು ಎರೆಯುವವರಿಗೇ ಕಲಿಸುತ್ತೇನೆ. ಆರೇಳು ವರ್ಷದ ಹಿಂದೆ ಇದನ್ನು ಶುರು ಮಾಡಿದಾಗ ನಮ್ಮ ಜೊತೆ ಕೆಲಸ ಮಾಡುವವರೇ ಒಪ್ಪಲಿಲ್ಲ. ‘ಎಣ್ಣೆ ಹಚ್ಚಿ ತಿಕ್ಕುವ ಕೈಗೆ ಕಣ್ಣು ಒಪ್ಪಿಸ್ತೀರಾ ಮೇಡಂ? ವರ್ಷ ತುಂಬಲಿ, ಪ್ರೋಬಿಂಗ್‌ಗೆ ಬರೆದುಕೊಟ್ಟರಾಯ್ತು’ ಅಂದರು. ಪ್ರೋಬಿಂಗ್ ಅಂದರೆ ತೆಳು ಕಂಬಿ ತೂರಿಸಿ ನಾಳ ಬಿಡಿಸುವುದು. ನಾನು ದಾವಣಗೆರೆ ಕಡೆಯ ಒಂದು ತಾಲ್ಲೂಕಿನಲ್ಲಿ ನೇತ್ರಾಧಿಕಾರಿ, ಅಂದರೆ ಕಣ್ಣು ತಪಾಸಣೆ ಮಾಡುವವಳು, ಡಾಕ್ಟರಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇಂಥ ಮಕ್ಕಳ ಹೆಸರು ಈಗ 130ರ ಆಸುಪಾಸು ಇರಬೇಕು. ಪ್ರೋಬಿಂಗ್‌ವರೆಗೆ ಹೋದದ್ದು 10–11 ಮಕ್ಕಳು. ವರ್ಷದೊಳಗೆ ಹೆಚ್ಚಿನ ನಾಳಗಳು ತಾವಾಗಿಯೇ ಬಿಟ್ಟುಕೊಳ್ಳುತ್ತವೆ, ನಿಜ. ಆದರೆ ಮೊದಲು ಏಳು ತಿಂಗಳ ಕೂಸುಗಳು ಐದಾರು ಡ್ರಾಪ್ಸ್ ಬಾಟಲಿ ಮುಗಿಸಿಕೊಂಡು ಬರುತ್ತಿದ್ದವು. ಒತ್ತುವ ರೀತಿಯನ್ನು ನನ್ನ ಹತ್ತಿರ ತಿದ್ದಿಸಿಕೊಂಡು ಹೋದವುಗಳಲ್ಲಿ ಬಹುಪಾಲು ಒಂದೂವರೆ–ಎರಡು ತಿಂಗಳಲ್ಲಿ ಒಣಗಿದ ಕಣ್ಣಿಟ್ಟುಕೊಂಡು ವಾಪಸ್ ಬಂದಿವೆ.

ಕೆಲಸಕ್ಕೆ ಸೇರಿದ ಮೊದಲ ನಾಲ್ಕೈದು ವರ್ಷ ನಾನೂ ಬಾಯಲ್ಲೇ ಹೇಳಿ ಕಳಿಸಿದವಳು. ‘ಮೂಗಿನ ಪಕ್ಕ ಒತ್ತಿ ಕೆಳಕ್ಕೆ ಎಳೀರಿ, ದಿನಕ್ಕೆ ನಾಲ್ಕು ಸಲ.’ ತಾಯಿ ಹೂಂ ಅನ್ನುತ್ತಿದ್ದಳು. ತಿಂಗಳು ಬಿಟ್ಟು ನೋಡಿದರೆ ಅದೇ ಗೀಜು. ಒಂದು ದಿನ ಬೇಸತ್ತು, ‘ಹೇಗೆ ಮಾಡ್ತೀಯ, ಮಾಡಿ ತೋರಿಸವ್ವ’ ಅಂದೆ. ಆ ಹುಡುಗಿ ಕಿರುಬೆರಳಿನಲ್ಲಿ ಕೆಳರೆಪ್ಪೆಯ ಕೆಳಗೆ ಪೌಡರ್ ಹಚ್ಚುವ ಹಾಗೆ ಸವರಿದಳು. ಆ ವಾರ ಬಂದ ಎಲ್ಲರಿಗೂ ಮಾಡಿಸಿ ನೋಡಿದೆ. ಯಾರ ಬೆರಳೂ ಕಣ್ಣೀರಿನ ಚೀಲದ ಮೇಲೆ ಇರಲಿಲ್ಲ. ಒಬ್ಬಳಂತೂ ನೇರ ಗುಡ್ಡೆಯ ಮೇಲೆ ಒತ್ತಿದಳು. ಚೊಚ್ಚಲ ಬಾಣಂತಿಗೆ ಕಣ್ಣಿನ ಹತ್ತಿರ ಕೈ ಹೋಗುವುದೇ ಇಲ್ಲ, ಹೆದರಿಕೆ. ಪಕ್ಕದಲ್ಲೇ ನಿಂತ ಅಜ್ಜಿ ಮಾತ್ರ ದಿನಾ ಬೆಳಿಗ್ಗೆ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು, ಮೂಗು ನೆಟ್ಟಗಾಗಲಿ ಅಂತ ತೀಡುವವಳು. ಆ ಕೈಯನ್ನು ಒಂದು ಬೆರಳಗಲ ಪಕ್ಕಕ್ಕೆ ಸರಿಸಿದರೆ ಸಾಕಲ್ಲ ಅಂತ ಅವತ್ತು ಹೊಳೆಯಿತು.

ಈಗ ಮೊದಲು ಅಜ್ಜಿಯ ಉಗುರು ಕತ್ತರಿಸುತ್ತೇನೆ. ಆಮೇಲೆ ಸೋಪಿನಲ್ಲಿ ಕೈ. ಎಣ್ಣೆ ಕೈಯಲ್ಲಿ ಇದು ಬೇಡವೇ ಬೇಡ, ಬೆರಳು ಜಾರುತ್ತದೆ. ನನ್ನ ಬೆರಳನ್ನು ಅಜ್ಜಿಯ ಬೆರಳಿನ ಮೇಲಿಟ್ಟು, ಕಣ್ಣಿನ ಒಳಮೂಲೆಗೂ ಮೂಗಿನ ಎಲುಬಿಗೂ ನಡುವಿನ ಗುಳಿ ಸಿಗುವವರೆಗೆ ಹುಡುಕಿಸುತ್ತೇನೆ. ಅಲ್ಲಿ ಮೊದಲು ಒಳಕ್ಕೆ ಒತ್ತಬೇಕು, ಒತ್ತಿದ ಭಾರ ಬಿಡದೆ ಮೂಗಿನ ಗುಂಟ ಕೆಳಕ್ಕೆ ಇಳಿಸಬೇಕು. ಎಷ್ಟು ಭಾರ? ಅಜ್ಜಿಯ ಉಗುರಿನ ಕೆಂಪು ಹೋಗಿ ಬಿಳಿಚುವಷ್ಟು. ಅದನ್ನು ಅವಳೇ ನೋಡಿಕೊಳ್ಳಬಹುದು. ಸಲಕ್ಕೆ ಹತ್ತು, ದಿನಕ್ಕೆ ನಾಲ್ಕು ಸಲ. ಕಣ್ಣಿನ ಒಳಮೂಲೆಯ ಸಣ್ಣ ತೂತಿನಿಂದ ಕೀವು ಉಕ್ಕಿದರೆ ಕುದಿಸಿ ಆರಿಸಿದ ನೀರಿನ ಹತ್ತಿಯಲ್ಲಿ ಒರೆಸಿ ಮುಂದುವರಿಸುವುದು. ಕೆಂಪಗೆ ಊದಿ ಮುಟ್ಟಿದರೆ ಅಳುವ ಮಗುವಿಗೆ, ಹುಟ್ಟಿದಾಗಲೇ ಆ ಜಾಗದಲ್ಲಿ ನೀಲಿ ಗಂಟಿರುವ ಮಗುವಿಗೆ ಇದನ್ನು ಮಾಡಿಸುವುದಿಲ್ಲ, ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಕಣ್ಣಿಗೆ ಬೇಡ ಅಂತ ಖಡಾಖಂಡಿತ ಹೇಳುತ್ತೇನೆ. ಕಾಡಿಗೆ ಮಾತ್ರ ಅಂಗಾಲಿಗೆ ಬೊಟ್ಟಿಡಿ ಅಂದರೆ ಜಗಳವಿಲ್ಲದೆ ಒಪ್ಪುತ್ತಾರೆ.

ಅಜ್ಜಿಯಂದಿರಿಗೆ ನಂಬಿಕೆ ಬರಿಸಲು ಒಂದು ಮಾದರಿ ಮಾಡಿದ್ದೆ. ಡ್ರಿಪ್ ಸೆಟ್ಟಿನ ಕೊಳವೆ, ಅದರ ತುದಿಗೆ ಗ್ಲೌಸಿನ ರಬ್ಬರ್ ತುಂಡು, ಒಳಗೆ ನೀರು. ಒತ್ತಿದರೆ ರಬ್ಬರ್ ಒಡೆಯಲಿಲ್ಲ, ಬಲೂನಿನಂತೆ ಊದಿತು. ‘ಅಯ್ಯೋ, ಕೂಸಿನ ಕಣ್ಣು ಹಿಂಗೆ ಊದ್ತದೇನವ್ವ’ ಅಂತ ಇಬ್ಬರು ಎದ್ದೇ ಹೋದರು. ಆಮೇಲೆ ರಬ್ಬರ್ ತೆಗೆದು ಒದ್ದೆ ಟಿಶ್ಯೂ ಕಾಗದ ಕಟ್ಟಿದೆ. ಮೆಲ್ಲಗೆ ಸವರಿದರೆ ಏನೂ ಆಗುವುದಿಲ್ಲ, ಸರಿಯಾಗಿ ಒತ್ತಿ ಇಳಿಸಿದರೆ ಎರಡು–ಮೂರನೆಯ ಸಲಕ್ಕೆ ಪುಸಕ್ಕನೆ ಹರಿದು ನೀರು ಹೊರಗೆ. ನಾಳ ಮೂಗಿನೊಳಗೆ ಸೇರುವಲ್ಲಿನ ಆ ತೆಳುಪೊರೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ನನ್ನಿಂದಾಗದು. ಹಾಗೇ ಫ್ಲೋರೆಸೀನ್ ಬಣ್ಣದ ಪಟ್ಟಿ ಹಾಕಿ, ಬಣ್ಣ ಕಣ್ಣಿನಿಂದ ಇಳಿದುಹೋಗುತ್ತದೆಯೇ ಅಂತ ಐದು ನಿಮಿಷ ಕಾಯುವ ಪರೀಕ್ಷೆಗೆ ನಮ್ಮಲ್ಲಿ ಕೈಯಲ್ಲಿ ಹಿಡಿಯುವ ನೀಲಿ ದೀಪ ಇರಲಿಲ್ಲ. ಟಾರ್ಚಿಗೆ ಗಿಫ್ಟ್ ಕಟ್ಟುವ ನೀಲಿ ಕಾಗದ ಸುತ್ತಿದೆ. ಒಂದು ಪದರ ಸಾಲದು, ನಾಲ್ಕು ಪದರಕ್ಕೆ ಕೆಲಸ ಮಾಡಿತು.

ದುಡ್ಡಿನ ಮಾತು. ಡ್ರಾಪ್ಸ್ ಬಾಟಲಿಗೆ 60–80 ರೂಪಾಯಿ, ಜೊತೆಗೆ ಬಸ್ಸು, ಒಂದು ದಿನದ ಕೂಲಿ. ಐದು ತಿಂಗಳಿಗೆ ಮೂರು ಸಾವಿರ ಕಳೆದವರನ್ನು ನೋಡಿದ್ದೇನೆ. ಗೀಜು ಹಳದಿ–ಹಸಿರಾದಾಗ ಮಾತ್ರ ನಮ್ಮ ಡಾಕ್ಟರ ಹತ್ತಿರ ವಾರದ ಮಟ್ಟಿಗೆ ಬರೆಸುತ್ತೇನೆ. ಬರೀ ನೀರಿಗೆ ಡ್ರಾಪ್ಸ್ ಯಾಕೆ? ಖಾಸಗಿಯಲ್ಲಿ ಅರಿವಳಿಕೆ ಕೊಟ್ಟು ಪ್ರೋಬಿಂಗ್ ಮಾಡಲು ಒಬ್ಬರಿಗೆ 18 ಸಾವಿರ ಹೇಳಿದ್ದರು. ಹಾಗಂತ ಪ್ರೋಬಿಂಗ್ ಬೇಡ ಅನ್ನುವವಳಲ್ಲ. ಹನ್ನೆರಡು ತಿಂಗಳು ದಾಟಿಯೂ ಸೋರಿದರೆ ನಾನು ಹಿಡಿದಿಟ್ಟುಕೊಳ್ಳುವುದಿಲ್ಲ.

ಒಂದು ತಪ್ಪನ್ನು ಬರೆಯದೆ ಇರಲಾರೆ. ನಾಲ್ಕು ತಿಂಗಳ ಗಂಡುಕೂಸು, ಎರಡೂ ಕಣ್ಣಲ್ಲಿ ನೀರು, ಗೀಜಿಲ್ಲ. ‘ದೊಡ್ಡ ದೊಡ್ಡ ಕಣ್ಣು, ಎಷ್ಟು ಚೆಂದ’ ಅಂತ ನಾನೇ ಅಂದಿದ್ದೆ. ಬಿಸಿಲಿಗೆ ಬಂದರೆ ಮುಖ ಮುಚ್ಚಿಕೊಳ್ಳುತ್ತದೆ ಅಂತ ತಾಯಿ ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಇಳಿಯಲಿಲ್ಲ. ನಾಳ ಕಟ್ಟಿದೆ ಅಂತ ಒತ್ತಿಸಿ ಕಳಿಸಿದೆ. ಆರು ವಾರದ ಮೇಲೆ ಬಂದಾಗ ಕರಿಗುಡ್ಡೆ ಮಬ್ಬಾಗಿತ್ತು. ಹುಟ್ಟು ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ ಏರಿ ಗುಡ್ಡೆ ದೊಡ್ಡದಾಗುವ ರೋಗ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಒಂದು ಕಣ್ಣು ಚೆನ್ನಾಗಿ ಉಳಿಯಿತು, ಇನ್ನೊಂದು ಅಷ್ಟಿಲ್ಲ. ಅವತ್ತಿನಿಂದ ನನ್ನ ಕೋಟಿನ ಜೇಬಿನಲ್ಲಿ ಪ್ಲಾಸ್ಟಿಕ್ ಸ್ಕೇಲಿದೆ. ನೀರು ಸೋರುವ ಪ್ರತಿ ಕೂಸಿನ ಕಾರ್ನಿಯಾದ, ಅಂದರೆ ಕರಿಗುಡ್ಡೆಯ, ಅಗಲ ಅಳೆಯುತ್ತೇನೆ. 12 ಮಿಲಿಮೀಟರ್ ಹತ್ತಿರ ಬಂದರೆ ಒತ್ತುವ ಮಾತೇ ಇಲ್ಲ.

ಇನ್ನೊಂದು ಪಾಠ ಕಲಿಸಿದ್ದು ಒಂದು ಹೆಣ್ಣುಮಗು. ಒಂಬತ್ತು ತಿಂಗಳಿಗೆ ಬಲಗಣ್ಣಿನ ನೀರು ನಿಂತಿತ್ತು, ಅಜ್ಜಿ ಹೋಳಿಗೆ ತಂದುಕೊಟ್ಟಿದ್ದರು. ಆರನೇ ವರ್ಷಕ್ಕೆ ಶಾಲೆಯ ತಪಾಸಣೆಯಲ್ಲಿ ಅದೇ ಮಗು ಸಿಕ್ಕಿತು. ಬಲಗಣ್ಣು 6/36, ಅಂದರೆ ಸರಿಯಾದ ಕಣ್ಣು 36 ಮೀಟರಿನಿಂದ ಓದುವ ಅಕ್ಷರ ಇದಕ್ಕೆ 6 ಮೀಟರಿನಲ್ಲಷ್ಟೇ ಕಾಣುತ್ತಿತ್ತು. ರೆಟಿನೋಸ್ಕೋಪಿ, ಅಂದರೆ ಕಣ್ಣೊಳಗೆ ಬೆಳಕು ಬಿಟ್ಟು ಪವರ್ ಅಳೆಯುವುದು, ಮಾಡಿದರೆ ಬಲಕ್ಕೆ ಪ್ಲಸ್ ಐದು, ಎಡಕ್ಕೆ ಪ್ಲಸ್ ಒಂದು. ಮೆಳ್ಳೆಗಣ್ಣಿಲ್ಲ, ದೂರಿಲ್ಲ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಪವರ್ ನೋಡದೆ, ನೀರು ನಿಂತಿತೆಂದು ಕಳಿಸಿದವಳು ನಾನೇ. ಅಂದಿನಿಂದ ನೀರು ಸೋರಿದ ಪ್ರತಿ ಮಗುವನ್ನೂ, ಕಣ್ಣು ಒಣಗಿದ್ದರೂ, ಹತ್ತು–ಹನ್ನೆರಡು ತಿಂಗಳಿಗೆ ಮತ್ತೆ ಕರೆಸುತ್ತೇನೆ. ಡಾಕ್ಟರಿಂದ ಪಾಪೆ ಹಿಗ್ಗಿಸುವ ಅಟ್ರೊಪಿನ್ ಮುಲಾಮು ಬರೆಸಿ ಮೂರು ದಿನ ಹಚ್ಚಿಸಿ ರೆಟಿನೋಸ್ಕೋಪಿ. ಜ್ವರ ಬಂದರೆ, ಮುಖ ಕೆಂಪೇರಿದರೆ ನಿಲ್ಲಿಸಿ, ಟ್ಯೂಬನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅಂತ ಮೂರು ಸಲ ಹೇಳುತ್ತೇನೆ. ಬಿಡಿ ಲೆನ್ಸುಗಳ ಪೆಟ್ಟಿಗೆಯನ್ನು ಕೈಯಿಂದ ನಾಲ್ಕು ಸಾವಿರ ಕೊಟ್ಟು ಕೊಂಡೆ. ಎರಡು ಕಣ್ಣಿನ ಪವರಿನಲ್ಲಿ ಒಂದೂವರೆ ಡಯಾಪ್ಟರಿಗಿಂತ ಹೆಚ್ಚು ವ್ಯತ್ಯಾಸ ಸಿಕ್ಕ ಮಕ್ಕಳು ಇದುವರೆಗೆ ಎಂಟೋ ಒಂಬತ್ತೋ. ‘ವರ್ಷದ ಕೂಸಿಗೆ ಕನ್ನಡಕವೇ?’ ಅಂದವರೇ ಈಗ ತಮ್ಮ ಕೇಸುಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಮಗು ದೀಪದ ಕಡೆ ಅರ್ಧ ನಿಮಿಷ ಅಲುಗಾಡದೆ ನೋಡುವ ಹಾಗೆ ಮಾಡಲು ನನ್ನದೊಂದು ಉಪಾಯವಿದೆ. ಅದನ್ನು ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಆ ಹೆಣ್ಣುಮಗುವಿಗೆ ಕನ್ನಡಕ ಕೊಟ್ಟು ನಾಲ್ಕು ತಿಂಗಳು ಕಾದೆವು, 6/24ಕ್ಕೆ ನಿಂತಿತು. ಆಮೇಲೆ ಮಂದವಾದ ಕಣ್ಣು ದುಡಿಯಲಿ ಅಂತ ಒಳ್ಳೆಯ ಕಣ್ಣಿಗೆ ದಿನಕ್ಕೆ ಎರಡು ಗಂಟೆ ಮುಚ್ಚುವ ಪಟ್ಟಿ. ಅಂಗಡಿಯ ಪಟ್ಟಿ ಒಂದಕ್ಕೆ 15 ರೂಪಾಯಿ, ಬೆವರಿಗೆ ಚರ್ಮ ಕೆಂಪಾಯಿತು. ಅಜ್ಜಿ ಹಳೆ ರವಿಕೆ ಬಟ್ಟೆಯಲ್ಲಿ ಕನ್ನಡಕದ ಗಾಜಿಗೆ ಚೀಲ ಹೊಲಿದರು. ಇಣುಕಿ ನೋಡದ ಹಾಗೆ ಕೆನ್ನೆ ಕಡೆ ಇನ್ನೊಂದು ಮಡಿಕೆ ಕೊಡಿಸಿದೆ. ಈಗ 6/12. ಎಂಟು ವರ್ಷ ತುಂಬುತ್ತಿದೆ, ಪಟ್ಟಿ ಇನ್ನೂ ಬಿಡಿಸಿಲ್ಲ.

ಮೊನ್ನೆ ಅದೇ ಅಜ್ಜಿ ಅವಳ ತಮ್ಮನನ್ನು ಎತ್ತಿಕೊಂಡು ಬಂದಿದ್ದರು. ಹತ್ತು ತಿಂಗಳ ಕೂಸು, ಒಂದು ಹನಿ ನೀರಿಲ್ಲ. ‘ಸೋರೋದೇನಿಲ್ಲ ಡಾಕ್ಟ್ರಮ್ಮ, ಪವರ್ ಇದೆಯಾ ನೋಡ್ಬಿಡಿ’ ಅಂದರು. ಶುಕ್ರವಾರದಿಂದ ಮುಲಾಮು ಶುರು ಮಾಡಿಸಿದ್ದೇನೆ, ಸೋಮವಾರ ಬರುತ್ತಾರೆ.