ಲೈನ್ ಲೆಕ್ಕ ಕಲಿತೆ, ಮಾತು ಬಂತು

ಪೀಣ್ಯದ ಯಾವ ಗಾರ್ಮೆಂಟ್ಸ್‌ಗೆ ಬೇಕಾದರೂ ಹೋಗಿ ನೋಡಿ. ಮೆಷಿನ್ ಮುಂದೆ ಕೂತವರು ಬಹುಪಾಲು ಹೆಂಗಸರು. ಲೈನ್ ಅಂದರೆ ಒಬ್ಬೊಬ್ಬರು ಒಂದೊಂದು ಭಾಗ ಹೊಲಿಯುವ ಮೆಷಿನ್ ಸಾಲು. ಅದರ ನಡುವೆ ಓಡಾಡುವವರು, ಬೋರ್ಡ್ ಮೇಲೆ ಬರೆಯುವವರು, ಕೂಗುವವರು ಬಹುಪಾಲು ಗಂಡಸರು. ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆ ಹೋದರೂ ಇದೇ ಕಥೆ. ನಾನು ಕುಣಿಗಲ್ ಕಡೆಯವಳು. ಪಿಯುಸಿ ಮುಗಿಸಿ, ಮದುವೆಯಾಗಿ ಬೆಂಗಳೂರಿಗೆ ಬಂದು ಹೆಲ್ಪರ್ ಆಗಿ ಸೇರಿದೆ. ಆಮೇಲೆ ಟೈಲರ್, ಆಮೇಲೆ ಸೂಪರ್‌ವೈಸರ್. ಈಗ ಫ್ಲೋರ್ ಇನ್‌ಚಾರ್ಜ್.

ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಕೇಳುತ್ತಾರೆ, "ಅಕ್ಕ, ಮೀಟಿಂಗ್‌ನಲ್ಲಿ ಅಷ್ಟು ಜನ ಸರ್‌ಗಳ ಮುಂದೆ ಮಾತಾಡೋಕೆ ನಿಮಗೆ ಧೈರ್ಯ ಎಲ್ಲಿಂದ ಬಂತು?" ಹುಟ್ಟಿನಿಂದ ಬಂದಿದ್ದಲ್ಲ. ಯಾರೋ ಭಾಷಣ ಮಾಡಿ ತುಂಬಿದ್ದೂ ಅಲ್ಲ. ನನಗೆ ಧೈರ್ಯ ಬಂದಿದ್ದು ಲೆಕ್ಕದಿಂದ. ಲೈನ್‌ನಲ್ಲಿ ಏನಾಗುತ್ತಿದೆ ಅನ್ನುವುದನ್ನು ಸಂಖ್ಯೆಯಲ್ಲಿ ಹೇಳಲು ಕಲಿತ ಮೇಲೆ ಗಂಟಲು ತಾನಾಗಿ ಬಿಟ್ಟಿತು.

ಟೈಲರ್ ಆಗಿದ್ದಾಗ ಟಾರ್ಗೆಟ್ ಅಂದರೆ ಮೇಲಿಂದ ಬೀಳುವ ಒಂದು ಸಂಖ್ಯೆ, ಅಷ್ಟೇ. ಗಂಟೆಗೆ 80 ಅಂದರು, 80. ಯಾಕೆ 80, ಎಲ್ಲಿಂದ ಬಂತು, ಯಾರಿಗೂ ಗೊತ್ತಿಲ್ಲ. ಬರದಿದ್ದರೆ ಬೈಗುಳ. "ಏನಮ್ಮ, ಕೈ ಓಡ್ತಿಲ್ವಾ? ಮನೆಗೆ ಹೋಗ್ತೀಯಾ?" ಅಂತ ಎಲ್ಲರ ಮುಂದೆ ಕೇಳುತ್ತಿದ್ದರು. ಬೈಸಿಕೊಂಡು ಸುಮ್ನೆ ತಲೆ ಬಗ್ಗಿಸುವುದೇ ಅಭ್ಯಾಸವಾಗಿತ್ತು. ತಿರುಗಿ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಕೆಲಸದ ಸಮಯ ಅಳೆಯುವ ಐ.ಇ. (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದ ಹುಡುಗ ಒಬ್ಬ ಸ್ಟಾಪ್‌ವಾಚ್ ಹಿಡಿದುಕೊಂಡು ಬರುತ್ತಿದ್ದ. ಅವನು ಪಕ್ಕದಲ್ಲಿ ನಿಂತರೆ ಎಲ್ಲರಿಗೂ ಎದೆ ಡವಡವ. ಒಂದು ದಿನ ಊಟದ ಹೊತ್ತಲ್ಲಿ ಅವನನ್ನೇ ಕೇಳಿದೆ, "ತಮ್ಮಾ, ಏನು ಬರ್ಕೊಳ್ತೀಯಪ್ಪ ಅದರಲ್ಲಿ?" ಅವನು ಖುಷಿಯಿಂದ ಹೇಳಿಕೊಟ್ಟ. ಪಾಪ, ಅವನನ್ನೂ ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ.

ಅವನು ಹೇಳಿದ್ದು ಇಷ್ಟು. ಪ್ರತಿ ಆಪರೇಷನ್‌ಗೆ ಇಂತಿಷ್ಟು ನಿಮಿಷ ಅಂತ ಇರುತ್ತೆ. ಅದಕ್ಕೆ ಸ್ಯಾಮ್ ಅನ್ನುತ್ತಾರೆ. ಕಾಲರ್, ಕಫ್, ಪಾಕೆಟ್, ತೋಳು, ಸೈಡ್, ಬಾಟಮ್ ಎಲ್ಲಾ ಸೇರಿಸಿದರೆ ಒಂದು ಶರ್ಟ್‌ನ ಸ್ಯಾಮ್. ನಮ್ಮ ಆಗಿನ ಶರ್ಟ್‌ಗೆ 24 ನಿಮಿಷ ಇತ್ತು. ಲೈನ್‌ನಲ್ಲಿ 40 ಟೈಲರ್, ದಿನಕ್ಕೆ 480 ನಿಮಿಷ. ಒಟ್ಟು 19,200 ನಿಮಿಷ. ಅದನ್ನು 24ರಿಂದ ಭಾಗಿಸಿದರೆ 800 ಪೀಸ್. ಎಲ್ಲರೂ ಆ ನಿಮಿಷಕ್ಕೆ ಸರಿಯಾಗಿ ಮುಗಿಸಿ, ಯಾರ ಕೈಯೂ ಖಾಲಿ ಬೀಳದೆ ಇದ್ದರೆ ಮಾತ್ರ ಇಷ್ಟು. ಇದು ನೂರಕ್ಕೆ ನೂರು ಎಫಿಶಿಯೆನ್ಸಿ. ಗಂಟೆಗೆ 80 ಅಂದರೆ ದಿನಕ್ಕೆ 640, ಅಂದರೆ ಶೇ. 80. ಹೊಸ ಸ್ಟೈಲ್ ಲೈನ್‌ಗೆ ಇಳಿದ ಮೊದಲ ದಿನವೇ ಶೇ. 80 ಕೇಳಿದರೆ ಎಲ್ಲಿಂದ ತರುವುದು? ಕೈಗೆ ಕೆಲಸ ಕೂರಲು ಕೆಲವು ದಿನ ಬೇಕು. ನಮ್ಮ ಕೈ ನಿಧಾನ ಅಂತ ಇಷ್ಟು ದಿನ ಅಂದುಕೊಂಡಿದ್ದೆವಲ್ಲ, ಆ ಭಾರ ಅವತ್ತೇ ಅರ್ಧ ಇಳಿಯಿತು.

ಆಮೇಲೆ ಜೇಬಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡೆ. ಗಂಟೆಗೊಮ್ಮೆ ಬರೆದುಕೊಳ್ಳುತ್ತಿದ್ದೆ. ಯಾರ ಹತ್ತಿರ ಎಷ್ಟು ಪೀಸ್ ಆಯಿತು, ಎಲ್ಲಿ ಬಂಡಲ್ ಗುಡ್ಡೆ ಬಿದ್ದಿದೆ, ಎಲ್ಲಿ ಕೈ ಖಾಲಿ ಇದೆ, ಇಷ್ಟೇ.

ಒಂದು ಸ್ಟೈಲ್‌ನಲ್ಲಿ ಕಾಲರ್ ಅಟ್ಯಾಚ್ ಹತ್ತಿರ ದಿನವೂ ಗುಡ್ಡೆ ಬೀಳುತ್ತಿತ್ತು. ಆ ಅಕ್ಕ ಒಳ್ಳೆ ಕೆಲಸಗಾರ್ತಿ. ಆದರೂ ಬೈಸಿಕೊಂಡು ಅಳುತ್ತಿದ್ದಳು. ನೋಡಿದರೆ ಒಂದು ಪೀಸ್‌ಗೆ ಒಂದು ನಿಮಿಷ. ಗಂಟೆಗೆ 60ರ ಮೇಲೆ ಯಾರಿಂದಲೂ ಆಗಲ್ಲ. ಟಾರ್ಗೆಟ್ 80. ಅವಳ ಮೇಲೆ ಎಷ್ಟು ಕೂಗಿದರೂ ಆ 20 ಪೀಸ್ ಬರುವುದಿಲ್ಲ. ಇತ್ತ ಲೇಬಲ್ ಹಾಕುವ ಹುಡುಗಿಗೆ ಅರ್ಧ ನಿಮಿಷಕ್ಕೆ ಒಂದು ಪೀಸ್, ಗಂಟೆಗೆ 120 ಆಗುತ್ತೆ. ಲೈನ್‌ಗೆ ಬೇಕಿರುವುದು 80. ಅವಳಿಗೆ ಗಂಟೆಗೆ 20 ನಿಮಿಷ ಕೈ ಖಾಲಿ. ಹಿಂದಿನ ಫ್ಯಾಕ್ಟರಿಯಲ್ಲಿ ಅವಳು ಕಾಲರ್ ಮಾಡಿದ್ದಳು. ಆ 20 ನಿಮಿಷ ಇಲ್ಲಿ ಕೂರಿಸಿದರೆ 20 ಪೀಸ್. ಅಲ್ಲಿಗೆ 80 ಆಯ್ತಲ್ಲ!

ಸೂಪರ್‌ವೈಸರ್‌ಗೆ ಹೇಳಿದೆ. "ನಿನ್ ಕೆಲಸ ನೋಡ್ಕೊಮ್ಮ" ಅಂದರು. ಮಾರನೇ ದಿನ ಅದನ್ನೇ ಒಂದು ಚೀಟಿಯಲ್ಲಿ ಬರೆದು ಇನ್‌ಚಾರ್ಜ್ ಮುಂದೆ ಇಟ್ಟೆ. "ಸರ್, ಕಾಲರ್‌ನಲ್ಲಿ ಗಂಟೆಗೆ 60 ಬರ್ತಿದೆ. ಲೇಬಲ್‌ನಲ್ಲಿ 20 ನಿಮಿಷ ಖಾಲಿ ಇದೆ. ಒಂದು ಮೆಷಿನ್ ಹಾಕಿಕೊಡಿ, ಒಂದು ದಿನ ನೋಡಿ." ಇಷ್ಟೇ ಮಾತು. ಕೈ ನಡುಗುತ್ತಿತ್ತು, ನಿಜ. ಆದರೆ ಚೀಟಿಯಲ್ಲಿದ್ದ ಸಂಖ್ಯೆ ನಡುಗುತ್ತಿರಲಿಲ್ಲ. ಮೆಷಿನ್ ಬಂತು, ಗುಡ್ಡೆ ಕರಗಿತು. ಹೆಸರು ಸೂಪರ್‌ವೈಸರ್‌ಗೇ ಹೋಯಿತು. ಆದರೂ ಅವತ್ತಿನಿಂದ ಇನ್‌ಚಾರ್ಜ್ ನನ್ನ ಮೆಷಿನ್ ಹತ್ತಿರ ನಿಂತು "ಇವತ್ತು ಎಲ್ಲಿ ಹಿಡಿದಿದೆ?" ಅಂತ ಕೇಳಲು ಶುರು ಮಾಡಿದರು. ನನ್ನ ಬಡ್ತಿಯ ಬೀಜ ಬಿದ್ದಿದ್ದು ಅಲ್ಲೇ.

ಜೊತೆಗೆ ಕೆಲಸವನ್ನೂ ಅಗಲ ಮಾಡಿಕೊಂಡೆ. ಸಿಂಗಲ್ ನೀಡಲ್ ಒಂದೇ ಗೊತ್ತಿದ್ದರೆ ಅದೇ ಸ್ಟೂಲ್ ಮೇಲೆ ವರ್ಷಗಟ್ಟಲೆ ಕೂರಬೇಕು. ಓವರ್‌ಲಾಕ್, ಸೈಡ್ ಹೊಲಿಯುವ ಫೀಡ್ ಆಫ್ ದಿ ಆರ್ಮ್, ಕಾಜಾ ಬಟನ್ ಎಲ್ಲವನ್ನೂ ಗೆಳತಿಯರ ಹತ್ತಿರ ಕಲಿತೆ. ಯಾರಾದರೂ ರಜೆ ಹಾಕಿದ ದಿನ "ನಾನು ಕೂರ್ತೀನಿ ಸರ್" ಅಂತ ಮುಂದೆ ಹೋಗುತ್ತಿದ್ದೆ. ರಜೆಯಾದ ಸ್ಟೂಲ್ ಅಂದರೆ ನನಗೆ ಪಾಠಶಾಲೆ.

ಇನ್ನೊಂದು ವಿಷಯ ಹೇಳಲೇಬೇಕು. 2007ರಲ್ಲಿ ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ ಗಾರ್ಮೆಂಟ್ಸ್ ಹೆಂಗಸರಿಗೆ ಪೇಸ್ ಅನ್ನುವ ತರಬೇತಿ ಶುರು ಮಾಡಿತು. ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ಕೋಪ ಬಂದಾಗ ಏನು ಮಾಡುವುದು, ದುಡ್ಡು ಉಳಿಸುವುದು, ಇಂಥವನ್ನೆಲ್ಲ ಹೇಳಿಕೊಡುತ್ತಾರೆ. ಇದರಿಂದ ಏನಾಯಿತು ಅಂತ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಮ್ ಅನ್ನುವ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಫ್ಯಾಕ್ಟರಿಗಳಲ್ಲೇ ಅಧ್ಯಯನ ಮಾಡಿದರು. ತರಬೇತಿ ಪಡೆದವರ ಕೆಲಸ ಚೆನ್ನಾಗಿ ಹೆಚ್ಚಿತ್ತು. ಫ್ಯಾಕ್ಟರಿ ನಡೆಸುವ ಕಂಪನಿ ಹಾಕಿದ ದುಡ್ಡಿಗಿಂತ ಎಷ್ಟೋ ಜಾಸ್ತಿ ಅದಕ್ಕೆ ವಾಪಸ್ ಬಂದಿತ್ತು. ಹೆಂಗಸರ ಸಂಬಳ ಮಾತ್ರ ಅಷ್ಟೇನೂ ಏರಿರಲಿಲ್ಲ. ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು. ತರಬೇತಿ ಒಳ್ಳೆಯದು, ಸಿಕ್ಕರೆ ಬಿಡಬೇಡಿ. ಆದರೆ ಆತ್ಮವಿಶ್ವಾಸ ಸಂಬಳದ ಚೀಟಿಯಲ್ಲೂ ಕಾಣಬೇಕು, ಅಲ್ವಾ?

ಅದಕ್ಕೇ ಹೇಳುತ್ತೇನೆ, ಕೇಳಿ ಪಡೆಯಿರಿ. ಅಸಿಸ್ಟೆಂಟ್ ಸೂಪರ್‌ವೈಸರ್ ಕೆಲಸವನ್ನು ಬಹಳ ಹೆಂಗಸರ ಹತ್ತಿರ ಸುಮ್ನೆ ಮಾಡಿಸಿಕೊಳ್ಳುತ್ತಾರೆ. ಫೀಡಿಂಗ್ (ಲೈನ್‌ಗೆ ಬಂಡಲ್ ಕೊಡುವುದು) ನೋಡ್ಕೋ, ಹೊಸಬರಿಗೆ ಹೇಳಿಕೊಡು, ರಿಪೋರ್ಟ್ ಬರಿ ಅನ್ನುತ್ತಾರೆ. ಸಂಬಳ ಮಾತ್ರ ಟೈಲರ್‌ದು. ನನಗೂ ಹಾಗೇ ಆಯಿತು. ಕೆಲವು ತಿಂಗಳು ನೋಡಿದೆ. ಆ ತಿಂಗಳುಗಳ ಲೈನ್ ಪ್ರೊಡಕ್ಷನ್, ಆಲ್ಟರೇಷನ್ (ತಪ್ಪಾಗಿ ಮತ್ತೆ ಹೊಲಿಯಲು ವಾಪಸ್ ಬರುವ ಪೀಸ್) ಎಷ್ಟು ಇಳಿದಿದೆ, ಎಲ್ಲಾ ಒಂದು ಹಾಳೆಯಲ್ಲಿ ಬರೆದುಕೊಂಡು ಎಚ್.ಆರ್. ಹತ್ತಿರ ಹೋದೆ. "ಈ ಕೆಲಸ ನಾನು ಮಾಡ್ತಿದ್ದೀನಿ. ಹುದ್ದೆ ಬರೆದು ಲೆಟರ್ ಕೊಡಿ, ಅದಕ್ಕೆ ತಕ್ಕ ಸಂಬಳ ಹಾಕಿ" ಅಂದೆ. ನೋಡೋಣ ಅಂದರು. ಮುಂದಿನ ತಿಂಗಳು ಮತ್ತೆ ಹೋದೆ. ನಮ್ಮ ರಾಜ್ಯದಲ್ಲಿ ಪ್ರತಿ ಏಪ್ರಿಲ್‌ಗೆ ತುಟ್ಟಿಭತ್ಯೆ ಬದಲಾಗುತ್ತೆ. ಆ ಹೊತ್ತಿಗೆ ಎಲ್ಲರ ಸಂಬಳದ ಕಡತ ತೆರೆದಿರುತ್ತೆ. ಅದೇ ಸಮಯ ನೋಡಿ ಮತ್ತೊಮ್ಮೆ ಕೇಳಿದೆ. ಲೆಟರ್ ಬಂತು. ಅಳುತ್ತಾ ಕೇಳಲಿಲ್ಲ, ಜಗಳವನ್ನೂ ಆಡಲಿಲ್ಲ. ಹಾಳೆ ಮುಂದಿಟ್ಟು ಕೂತೆ.

ಮನೆಯಲ್ಲಿ ಬೇರೆ ಹೋರಾಟ. "ಸೂಪರ್‌ವೈಸರ್ ಆದ್ರೆ ರಾತ್ರಿ ಆಗುತ್ತಂತೆ, ಗಂಡಸರ ಜೊತೆ ಮೀಟಿಂಗ್ ಅಂತೆ" ಅಂತ ಅತ್ತೆ ಬೇಡ ಅಂದರು. ನಮ್ಮವರೂ ಸುಮ್ಮನಿದ್ದರು. ಸಂಜೆ ತಡವಾಗುವುದು ನಿಜವೇ. ಯಾಕೆ ಅಂತ ನೋಡಿದರೆ, ಬಹಳ ಸೂಪರ್‌ವೈಸರ್‌ಗಳು ದಿನದ ರಿಪೋರ್ಟನ್ನು ಕೊನೆಯಲ್ಲಿ ಕೂತು ಬರೆಯುತ್ತಾರೆ. ನಾನು ಗಂಟೆಗೊಮ್ಮೆ ಬರೆದೇ ಬಿಡುತ್ತಿದ್ದೆ. ಲೈನ್ ನಿಲ್ಲುವ ಹೊತ್ತಿಗೆ ಕೂಡಿಸುವುದಷ್ಟೇ ಬಾಕಿ. ಟೈಲರ್‌ಗಳು ಹೋಗುವ ಬಸ್ಸಿಗೇ ನಾನೂ ಹತ್ತುತ್ತಿದ್ದೆ. ಅತ್ತೆಯ ಜೊತೆ ವಾದ ಮಾಡುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡಿತು. ಎರಡನೇ ಸಂಬಳ ಬಂದಾಗ ಅವರೇ ಪಕ್ಕದ ಮನೆಯಲ್ಲಿ "ನಮ್ಮ ಸೊಸೆ ಮೇಡಂ ಆಗಿದ್ದಾಳೆ" ಅಂದರಂತೆ.

ಸೂಪರ್‌ವೈಸರ್ ಆದ ಹೊಸದರಲ್ಲಿ ನನಗೆ ಬೇಸರ ತಂದಿದ್ದು ಗಂಡಸರಲ್ಲ, ನಮ್ಮ ಹೆಂಗಸರೇ. "ಅಣ್ಣಾನೇ ಇದ್ದಿದ್ರೆ ಮೆಷಿನ್ ಕೆಟ್ಟಾಗ ಬೇಗ ಸರಿ ಮಾಡಿಸ್ತಿದ್ರು" ಅನ್ನುತ್ತಿದ್ದರು. ಬಾಂಗ್ಲಾದೇಶದ ಗಾರ್ಮೆಂಟ್ಸ್‌ನಲ್ಲೂ ಇಂಥದ್ದೇ ಕಂಡಿದೆ ಅಂತ ಆಮೇಲೆ ಓದಿದೆ. ಹೆಂಗಸು ಸೂಪರ್‌ವೈಸರ್‌ಗಳಿಗೆ ಮೆಷಿನ್ ಗೊತ್ತಿಲ್ಲ ಅಂತ ಕೆಲಸಗಾರರೇ ಅಂದುಕೊಂಡಿದ್ದರು. ಪರೀಕ್ಷೆ ಮಾಡಿದರೆ ಗಂಡಸರಷ್ಟೇ ಗೊತ್ತಿತ್ತು. ಕೆಲವು ತಿಂಗಳು ಕಳೆದ ಮೇಲೆ ಹೆಂಗಸರ ಲೈನ್‌ಗಳೂ ಗಂಡಸರ ಲೈನ್‌ಗಳ ಸಮಕ್ಕೆ ಬಂದವು. ಆ ಮೊದಲ ತಿಂಗಳುಗಳನ್ನು ದಾಟುವುದೇ ದೊಡ್ಡದು. ಬಹಳ ಜನ ಅಲ್ಲೇ "ನನಗೆ ಮೆಷಿನ್ನೇ ಸಾಕು" ಅಂತ ವಾಪಸ್ ಹೋಗಿ ಕೂರುತ್ತಾರೆ.

ಮೆಕ್ಯಾನಿಕ್ ವಿಷಯದಲ್ಲಿ ನನಗೆ ಉಪಾಯ ಸಿಕ್ಕಿತು. "ಮೆಷಿನ್ ಕೆಟ್ಟಿದೆ, ಬಾಪ್ಪ" ಅಂದರೆ ಅವನು ನಿಧಾನವಾಗಿ ಬರುತ್ತಾನೆ. "ಸ್ಟಿಚ್ ಬಿಡ್ತಿದೆ. ಸೂಜಿ ಬದಲಾಯಿಸಿದೆ, ಟೆನ್ಷನ್ ನೋಡಿದೆ, ಬಾಬಿನ್ ಕೇಸ್ ಸರಿ ಇದೆ, ಹುಕ್ ಟೈಮಿಂಗ್ ನೋಡು" ಅಂದರೆ ಟೂಲ್ ಹಿಡಿದುಕೊಂಡೇ ಬರುತ್ತಾನೆ. ಸೂಜಿ ತಿರುವು, ದಾರದ ಬಿಗಿ, ಬಾಬಿನ್ ಇವಿಷ್ಟನ್ನು ನಾವೇ ನೋಡಿಕೊಂಡರೆ ಮೆಕ್ಯಾನಿಕ್‌ಗೆ ಎಷ್ಟೋ ಸಲ ಕಾಯಬೇಕಿಲ್ಲ.

ಕೂಗುವುದನ್ನು ನಾನು ಶುರು ಮಾಡಲೇ ಇಲ್ಲ. ಒಬ್ಬಳ ಮೇಲೆ ಕೂಗಿದರೆ ಮುಂದಿನ ಅರ್ಧ ಗಂಟೆ ಅವಳ ಪೀಸ್‌ಗಳು ಆಲ್ಟರೇಷನ್‌ಗೆ ಬರುತ್ತವೆ. ನಾನೇ ಟೈಲರ್ ಆಗಿದ್ದಾಗ ಗಮನಿಸಿದ್ದು ಇದು. ಅದರ ಬದಲು ಪೀಸ್ ಇಳಿದವಳ ಪಕ್ಕ ಹೋಗಿ "ಏನು ತೊಂದ್ರೆ?" ಅಂತ ಮೆಲ್ಲಗೆ ಕೇಳುತ್ತೇನೆ. ಒಬ್ಬಳು ಹೇಳಿದಳು, "ಅಕ್ಕ, ಬೆಳಗ್ಗೆಯಿಂದ ನೀರು ಕುಡಿದಿಲ್ಲ, ತಲೆ ಸುತ್ತುತ್ತೆ." ಟಾಯ್ಲೆಟ್‌ಗೆ ಎದ್ದರೆ ಪೀಸ್ ಕಡಿಮೆ ಆಗುತ್ತೆ ಅಂತ ನೀರೇ ಕುಡಿಯುವುದಿಲ್ಲ. ಮುಟ್ಟಿನ ದಿನಗಳಲ್ಲಂತೂ ಇನ್ನೂ ಕಷ್ಟ. ಗಂಡಸು ಸೂಪರ್‌ವೈಸರ್‌ಗೆ ಯಾವ ಹುಡುಗಿ ಇದನ್ನು ಹೇಳುತ್ತಾಳೆ? ಎಲ್ಲಾ ಆಪರೇಷನ್ ಗೊತ್ತಿರುವ ಒಬ್ಬಳನ್ನು ಫ್ಲೋಟರ್ ಆಗಿ ಇಟ್ಟೆ. ಯಾರು ಎದ್ದರೂ ಆ ಸ್ಟೂಲ್ ಮೇಲೆ ಅವಳು ಕೂರುತ್ತಾಳೆ. ಲೈನ್ ನಿಲ್ಲುವುದಿಲ್ಲ. ಒಬ್ಬಳ ಸಂಬಳ ಜಾಸ್ತಿ ಅಂತ ಮೇಲಿನವರು ಮುಖ ಗಂಟು ಹಾಕಿದರು. ಆಲ್ಟರೇಷನ್ ಲೆಕ್ಕ ತೋರಿಸಿದೆ, ಒಪ್ಪಿದರು.

ಗಾರ್ಮೆಂಟ್ಸ್ ಹೆಂಗಸರಿಗೆ ಬಾಯಿಲ್ಲ ಅನ್ನುವವರಿಗೆ 2016ರ ಏಪ್ರಿಲ್ ನೆನಪಿಸುತ್ತೇನೆ. ಕೆಲಸ ಬಿಟ್ಟವರು ಪಿ.ಎಫ್.ನಲ್ಲಿ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಸಾವಿರಾರು ಹೆಂಗಸರು ಬೆಂಗಳೂರಿನ ರಸ್ತೆಗೆ ಇಳಿದರು. ಎರಡನೇ ದಿನವೇ ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ನೂರು ಜನ ಪಕ್ಕದಲ್ಲಿದ್ದಾಗ ನಮ್ಮ ದನಿ ದೊಡ್ಡದೇ. ಒಬ್ಬಳೇ ಆಫೀಸ್ ರೂಮಿನ ಬಾಗಿಲು ತಟ್ಟುವಾಗ ಅದು ಒಳಗೆ ಸೇರಿಕೊಳ್ಳುತ್ತೆ. ಆ ಬಾಗಿಲಿಗೆ ಹೋಗುವಾಗ ನಾನು ಇವತ್ತಿಗೂ ಹಾಳೆ ಹಿಡಿದೇ ಹೋಗುತ್ತೇನೆ.

ಒಂದು ಮಾತ್ರ ಲೆಕ್ಕದ ಕೈಗೆ ಸಿಗುವುದಿಲ್ಲ. ಯಾರಾದರೂ ಮೈಮೇಲೆ ಕೈ ಹಾಕಿದರೆ, ಹೊಲಸು ಮಾತಾಡಿದರೆ ಸಹಿಸಬೇಡಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಪ್ರಕಾರ ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ ದೂರು ಸಮಿತಿ ಇರಲೇಬೇಕು. ಅದರ ಮುಖ್ಯಸ್ಥೆ ಹೆಂಗಸೇ ಆಗಿರಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರಿರಬೇಕು. ನಾನೀಗ ನಮ್ಮ ಸಮಿತಿಯಲ್ಲಿ ಇದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಹೊಸ ಹುಡುಗಿಯರನ್ನು ಸಮಿತಿಯ ಬೋರ್ಡ್ ಮುಂದೆ ನಿಲ್ಲಿಸಿ ಓದಿಸುತ್ತೇನೆ.

ಸ್ಯಾಮ್ ಲೆಕ್ಕವನ್ನೂ ಹೇಳಿಕೊಡುತ್ತಿದ್ದೇನೆ. ಊಟದ ಹೊತ್ತಲ್ಲಿ ನಾಲ್ಕೈದು ಜನ ಡಬ್ಬಿ ಹಿಡಿದುಕೊಂಡು ಬರುತ್ತಾರೆ. ಇಬ್ಬರು ಆಗಲೇ ಅಸಿಸ್ಟೆಂಟ್ ಆಗಿದ್ದಾರೆ, ಲೆಟರ್ ಸಮೇತ. ನಮ್ಮಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಇನ್ನೂ ಒಬ್ಬ ಹೆಂಗಸೂ ಬಂದಿಲ್ಲ. ಆ ಹುದ್ದೆಗೆ ಬಟ್ಟೆ ಕೊಳ್ಳುವ ಬಯ್ಯರ್ ಜೊತೆ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು, ಎಕ್ಸೆಲ್‌ನಲ್ಲಿ ಪ್ಲಾನ್ ಹಾಕಬೇಕು. ಎಕ್ಸೆಲ್ ಬಂದಿದೆ. ಇಂಗ್ಲಿಷ್ ಮೇಲ್‌ಗಳನ್ನು ಮಗಳ ಜೊತೆ ಕೂತು ಬರೆದು ಅಭ್ಯಾಸ ಮಾಡುತ್ತಿದ್ದೇನೆ. ಬರುವ ಏಪ್ರಿಲ್‌ನಲ್ಲಿ ಅರ್ಜಿ ಹಾಕುತ್ತೇನೆ.