ಅರ್ಧ ಚಮಚ ಮೊಳಕೆ ಹಿಟ್ಟು

ಮಂಡ್ಯದ ನಮ್ಮ ಮನೆಯಲ್ಲಿ ಹಗಲು ಹೊತ್ತು ಆರು ಮಕ್ಕಳು ಇರುತ್ತವೆ. ಎಲ್ಲಾ ಒಂದರಿಂದ ಮೂರು ವರ್ಷದೊಳಗಿನವು. ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಊಟ ತಿಂಡಿ ನನ್ನದೇ. ಮಕ್ಕಳ ಗಂಜಿ, ಅದೇ ರಾಗಿ ಸರಿ, ಕಾಯಿಸೋದು ನಿಮಗೆ ಹೇಳಿಕೊಡಬೇಕಿಲ್ಲ. ಅದರಲ್ಲಿ ನಾನು ಮಾಡಿದ ಒಂದೇ ಬದಲಾವಣೆ ಬರೆಯುತ್ತೇನೆ. ಮೊದಲು ಎಲ್ಲರೂ ಬೇಡ ಅಂದರು, ಈಗ ಡಬ್ಬಿ ಹಿಡಿದು ಬರುತ್ತಾರೆ.

ಪುಟ್ಟ ಹೊಟ್ಟೆಗೆ ಒಂದು ಲೋಟ ಹಿಡಿಸೋದೇ ಹೆಚ್ಚು. ಆ ಲೋಟದಲ್ಲಿ ಎರಡು ಚಮಚ ಹಿಟ್ಟು, ಮಿಕ್ಕಿದ್ದೆಲ್ಲಾ ನೀರು. ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ಹಿಟ್ಟು ಜಾಸ್ತಿ ಹಾಕಿದರೆ ಮುದ್ದೆ ಥರ ಆಗುತ್ತೆ, ಮಗು ಉಗಿಯುತ್ತೆ. ನಾನೂ ವರ್ಷಗಟ್ಟಲೆ ತುಪ್ಪ ಸುರಿದು ಸಮಾಧಾನ ಮಾಡಿಕೊಂಡಿದ್ದೆ.

ಈಗ ಐದು ಚಮಚ ಹಿಟ್ಟು ಹಾಕಿ ಕಾಯಿಸುತ್ತೇನೆ. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಒಲೆಯಿಂದ ಇಳಿಸಿ, ಐದಾರು ನಿಮಿಷ ಬಿಟ್ಟು, ಮೊಳಕೆ ರಾಗಿಯ ಹಿಟ್ಟು ಅರ್ಧ ಚಮಚ ಹಾಕಿ ತಿರುವುತ್ತೇನೆ. ಮೊದಲು ಅಂಚಿನಲ್ಲಿ ನೀರು ಬಿಟ್ಟ ಹಾಗೆ ಕಾಣುತ್ತೆ. ಆಮೇಲೆ ಚಮಚ ನಿಧಾನಕ್ಕೆ ವಾಲಿ ಬೀಳುತ್ತೆ. ಮೂರು ನಿಮಿಷದಲ್ಲಿ ಮಜ್ಜಿಗೆ ಹುಳಿ ಹದಕ್ಕೆ ಬಂದುಬಿಡುತ್ತೆ. ಮತ್ತೆ ಒಂದು ಕುದಿ ಬರಿಸಿ ಇಳಿಸುತ್ತೇನೆ, ಆ ಕುದಿ ಬಿಡಬೇಡಿ, ಮೊಳಕೆ ಹಿಟ್ಟು ಹಸಿಯದ್ದು. ಮೊಳಕೆಯಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ, ಅದು ಗಂಜಿಯ ಪಿಷ್ಟವನ್ನು ಒಡೆಯುತ್ತೆ, ಅಷ್ಟೇ. ಇನ್ನೊಂದು ಲಾಭ, ಸರಿ ತಾನಾಗೇ ಸಿಹಿಯಾಗುತ್ತೆ. ಬೆಲ್ಲ ಅರ್ಧಕ್ಕರ್ಧ ಕಮ್ಮಿ ಮಾಡಿದೆ.

ಹೇಳೋಕೆ ಸುಲಭ. ಸರಿಯಾಗೋಕೆ ಎಂಟು ತಿಂಗಳು ಹಿಡಿಯಿತು. ಮೊದಲ ಸಲ ಘಮ ಬರಲಿ ಅಂತ ಮೊಳಕೆ ರಾಗಿಯನ್ನು ಕೆಂಪಗೆ ಹುರಿದೆ. ಎಷ್ಟು ತಿರುವಿದರೂ ಸರಿ ಗಟ್ಟಿಯಾಗೇ ಇತ್ತು. ಬಿಸಿ ಜಾಸ್ತಿಯಾದರೆ ಮೊಳಕೆಯ ಶಕ್ತಿ ಸತ್ತುಹೋಗುತ್ತೆ. ಈಗ ಒಣಗಿಸಿ, ಬೇರು ಉಜ್ಜಿ, ಮೊರದಲ್ಲಿ ಕೇರಿ, ಬಾಣಲೆಯಲ್ಲಿ ಕೈ ತಾಳುವಷ್ಟು ಬೆಚ್ಚಗೆ ಮಾಡಿ ಇಳಿಸುತ್ತೇನೆ.

ಆಮೇಲೆ ಆಷಾಢದಲ್ಲಿ ದುರಾಸೆ ಮಾಡಿದೆ. ಆರು ತಿಂಗಳಿಗೆ ಆಗಲಿ ಅಂತ ಆರು ಕೆಜಿ ಒಟ್ಟಿಗೆ ನೆನೆಸಿ ಕಟ್ಟಿದೆ. ಬಿಸಿಲೇ ಬರಲಿಲ್ಲ. ನಾಲ್ಕನೇ ದಿನ ಬಟ್ಟೆ ಬಿಚ್ಚಿದರೆ ಬೂಷ್ಟು, ವಾಸನೆ. ತೊಳೆದು ಬಳಸಬಹುದು ಅಂತ ಅತ್ತೆ ಅಂದರು. ಮಕ್ಕಳ ಊಟ ಅಲ್ವಾ, ಅಷ್ಟನ್ನೂ ತಿಪ್ಪೆಗೆ ಹಾಕಿದೆ. ಸುಮಾರು 250 ರೂಪಾಯಿ ಹೋಯಿತು. ಮಳೆಗಾಲದಲ್ಲಿ ಬೂಷ್ಟು ಬಾರದ ಹಾಗೆ ಒಣಗಿಸೋಕೆ ಈಗ ಒಂದು ದಾರಿ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಕೈಯಲ್ಲೇ ಇರಲಿ.

ಮೂರನೇ ಪೆಟ್ಟು ಮಿಲ್ಲಿನಲ್ಲಿ. ನಮಗಿಂತ ಮುಂಚೆ ಯಾರೋ ಒಣಮೆಣಸಿನಕಾಯಿ ಬೀಸಿಸಿದ್ದರು. ಮೊದಲ ತುತ್ತಿಗೇ ಮೂರು ಮಕ್ಕಳು ಒಟ್ಟಿಗೆ ಅತ್ತವು. ಆ ಸಂಕಟ ನನಗೆ ಇವತ್ತಿಗೂ ಇದೆ. ಚೀಟಿ ದುಡ್ಡು ಎತ್ತಿ ಮನೆಗೇ ಸಣ್ಣ ಹಿಟ್ಟಿನ ಮಿಷನ್ ತಂದೆ, ಹದಿನಾಲ್ಕೋ ಹದಿನೈದೋ ಸಾವಿರ ಆಯಿತು.

ದುಡ್ಡಿನ ಲೆಕ್ಕ ಹೇಳಬೇಕು ಅಂದರೆ, ಮೊಳಕೆಗೆ ತಿಂಗಳಿಗೆ ಒಂದು ಕೆಜಿ ರಾಗಿ ಸಾಕು. ಖರ್ಚು ಇರೋದು ಸರಿ ಹಿಟ್ಟಿಗೆ. ಮೊದಲು ತಿಂಗಳಿಗೆ ಐದು ಕೆಜಿ ಸಾಕಾಗುತ್ತಿತ್ತು, ಈಗ ಹನ್ನೆರಡು ಬೇಕು. ಹೆಚ್ಚುಕಮ್ಮಿ 300 ರೂಪಾಯಿ ಜಾಸ್ತಿ. ಮೊದಲ ಮೂರು ತಿಂಗಳು ನಾನೇ ಹಾಕಿಕೊಂಡೆ. ಯಾಕೆಂದರೆ ಒಬ್ಬ ತಾಯಿ ಬಂದು, “ಏನಕ್ಕ, ಸರಿ ಇಷ್ಟು ನೀರಾಗಿದೆ, ಹಿಟ್ಟು ಉಳಿಸ್ತಿದ್ದೀರಾ?” ಅಂತ ಕೇಳಿದ್ದಳು. ಅವಳನ್ನು ಒಲೆ ಮುಂದೆ ಕೂರಿಸಿ, ಐದು ಚಮಚ ಅವಳ ಕೈಯಲ್ಲೇ ಹಾಕಿಸಿದೆ. ಚಮಚ ವಾಲಿ ಬಿದ್ದಾಗ ಬಗ್ಗಿ ಪಾತ್ರೆಯೊಳಗೆ ನೋಡಿದಳು. ಏನೂ ಮಾತಾಡಲಿಲ್ಲ. ಅವಳ ಮಗಳಿಗೆ ಆಗ ಎರಡು ವರ್ಷ, ತೂಕ 8 ಕೆಜಿ 700 ಗ್ರಾಂ, ತಾಯಿ ಕಾರ್ಡಿನಲ್ಲಿ ಹಳದಿ ಪಟ್ಟಿ, ಅಂದರೆ ವಯಸ್ಸಿಗೆ ತೂಕ ಕಮ್ಮಿ. ಆರು ತಿಂಗಳಿಗೆ 10 ಕೆಜಿ 300 ದಾಟಿ ಹಸಿರಿಗೆ ಬಂತು. ಆ ಕಾರ್ಡು ತಂದು ನನಗೆ ತೋರಿಸಿ ಹೋದಳು.

ಕಡಲೆಕಾಯಿ ಬೀಜ ಸೇರಿಸಿದ ಹಿಟ್ಟು ನಮ್ಮ ಸೆಕೆಗೆ ಹದಿನೈದು ದಿನಕ್ಕೆ ಕಮಟು ಹೊಡೆಯಿತು. ಈಗ ಬೀಜದ ಪುಡಿ ಬೇರೆ ಡಬ್ಬಿ, ವಾರಕ್ಕೆ ಆಗುವಷ್ಟೇ. ಇಡೀ ಬೀಜ ಈ ವಯಸ್ಸಿಗೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ನುಗ್ಗೆ ಸೊಪ್ಪಿನ ಪುಡಿ ಒಂದು ಚಮಚ ಹಾಕಿದಾಗ ಹಸಿರು ನೋಡಿ ಒಂದು ಮಗುವೂ ಬಾಯಿ ಬಿಡಲಿಲ್ಲ. ಬೇಳೆ ಅನ್ನಕ್ಕೆ ಚಿಟಿಕೆ ಪುಡಿ, ಎರಡು ಹನಿ ನಿಂಬೆಹುಳಿ ಹಾಕಿದಾಗ ದಾರಿಗೆ ಬಂದವು. ನಿಂಬೆಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತೆ.

ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಅಂದರೆ ಇಂಡಾಫ್ ಅನ್ನೋ ರಾಗಿ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರು ದುಡಿದ ಜಾಗ. ಅಲ್ಲಿಯದೇ ಬಿಳಿ ರಾಗಿ ತಳಿ ಕೆಎಂಆರ್-340 ಸ್ವಲ್ಪ ಸಿಕ್ಕಿತ್ತು, ಅದರಲ್ಲೂ ಸರಿ ಮಾಡಿದೆ. ನೋಡೋಕೆ ಚೆಂದ, ಅಮ್ಮಂದಿರಿಗೆ ಖುಷಿ. ಮಕ್ಕಳು ಎರಡನ್ನೂ ಒಂದೇ ಥರ ತಿಂದವು, ಹಾಗಾಗಿ ಕೆಂಪು ರಾಗಿಗೇ ವಾಪಸ್ ಬಂದೆ. ಜೋಳದ ಮೊಳಕೆಗೆ ಮಾತ್ರ ಕೈ ಹಾಕಬೇಡಿ, ಆ ಚಿಗುರಿನಲ್ಲಿ ವಿಷದ ಅಂಶ ಇರುತ್ತೆ.

ಮೊನ್ನೆ ಸುಮ್ನೆ ಎರಡು ಹಿಡಿ ಗೋಧಿ ಕಟ್ಟಿದ್ದೇನೆ. ಗೋಧಿ ಮೊಳಕೆ ಇನ್ನೂ ಕಮ್ಮಿ ಸಾಕಾಗುತ್ತಾ ನೋಡಬೇಕು. ನಾಳೆ ಬೆಳಗ್ಗೆ ಬಟ್ಟೆ ಬಿಚ್ಚುತ್ತೇನೆ.